ರಾಣಿಗೇಟು ಹಾಕಿದ ಮಳೆಗಾಲ

ಏಳು ಜೇನು ಕುಟುಂಬಗಳನ್ನು ಹಳೆಯ ಪೆಟ್ಟಿಗೆಗಳಿಂದ ಹೊಸ ಪೆಟ್ಟಿಗೆಗಳಿಗೆ ದಾಟಿಸಲು ನನಗೆ ಎರಡು ದಿನ ಹಿಡಿಯಿತು. ಅವುಗಳಲ್ಲಿ ಐದನ್ನು ಕಳೆದುಕೊಳ್ಳಲು ಎರಡು ತಿಂಗಳು ಸಾಕಾಯಿತು. ಇವತ್ತು ಬರೆಯಲು ಕೂತಾಗಲೂ ಸಿಟ್ಟು ಇಳಿದಿಲ್ಲ. ಕಚೇರಿಯವರ ಮೇಲಿನದು ಒಂದು ಪಾಲು, ನನ್ನ ಮೇಲಿನದು ಇನ್ನೊಂದು ಪಾಲು. ಎರಡೂ ಒಂದೇ ಒಲೆಯಲ್ಲಿ ಕುದಿಯುತ್ತಿವೆ.

ನಾನು ಪುತ್ತೂರಿನ ಹತ್ತಿರದ ಸವಣೂರಿನ ಬ್ಯಾರಿ. ಜೇನು ಸಾಕುವುದನ್ನು ಕಲಿಸುವುದು ಕೆಲಸ. ನಮ್ಮ ಮನೆಯಲ್ಲಿ ಅಂಗಡಿಯಲ್ಲೂ ಕೂರದೆ, ಗಲ್ಫಿಗೂ ಹೋಗದೆ ಉಳಿದವನು ನಾನೊಬ್ಬನೇ. 'ಹುಳದ ಹಿಂದೆ ಹೋದವ' ಎಂದು ಉಮ್ಮ ಈಗಲೂ ನೆಂಟರ ಮುಂದೆ ತಮಾಷೆ ಮಾಡುತ್ತಾರೆ. ಆ ವರ್ಷ ಪುತ್ತೂರಿನಲ್ಲಿ ಕಚೇರಿ ಮಾಡಿಕೊಂಡಿದ್ದ ಒಂದು ಜೇನು ಯೋಜನೆಗೆ ನಾನು ತರಬೇತುದಾರ. ಊರಿಗೊಂದು ಮಾದರಿ ಜೇನುತೋಟ ಮಾಡಬೇಕು, ಅಲ್ಲಿ ಸುತ್ತಲಿನ ಹೆಂಗಸರಿಗೆ ಕಲಿಸಬೇಕು ಎಂಬುದು ಯೋಜನೆ. ಗುತ್ತಿಗಾರಿನ ಕಡೆ ಯಾರು ಎಂದು ಕೇಳಿದಾಗ ಅಕ್ಕನ ಹೆಸರು ಹೇಳಿದವನೂ ನಾನೇ.

ಅಕ್ಕ ಎಂದರೆ ನನ್ನ ಸ್ವಂತ ಅಕ್ಕ ಅಲ್ಲ. ಐವತ್ತು ದಾಟಿದ ಹೆಂಗಸು, ಬೆಳಗಾಗುತ್ತಲೇ ತನ್ನ ಗುಡ್ಡದ ರಬ್ಬರ್ ಮರಗಳಿಗೆ ತಾನೇ ಟ್ಯಾಪಿಂಗ್ ಮಾಡುವವರು. ಮನೆಯಲ್ಲಿ ಆ ಸೀಮೆಯ ಅರೆಭಾಷೆ, ನನ್ನೊಡನೆ ಕನ್ನಡ, ಜೇನಿನ ಹತ್ತಿರ ಹೋದಾಗ ಮೌನ. ಅವರ ಏಳು ಕುಟುಂಬಗಳೂ ಕೊಂಡು ತಂದವಲ್ಲ. ಒಂದನ್ನು ಹುತ್ತದಿಂದ, ಒಂದನ್ನು ಧೂಪದ ಮರದ ಪೊಟರೆಯಿಂದ ತಾವೇ ಬಿಡಿಸಿ ತಂದು, ವರ್ಷ ವರ್ಷ ಪಾಲು ಮಾಡಿ ಬೆಳೆಸಿದ್ದವು. ನಮ್ಮ ಕಡೆಯ ತುಡುವೆ ಜೇನು. ಊರಿನ ಬಡಗಿ ಹಲಸಿನ ಹಲಗೆಯಲ್ಲಿ ಮಾಡಿಕೊಟ್ಟ ಪೆಟ್ಟಿಗೆಗಳಲ್ಲಿ ಅವು ಎಷ್ಟೋ ಮಳೆಗಾಲ ಕಳೆದಿದ್ದವು.

ಯೋಜನೆಯ ಷರತ್ತು ಒಂದೇ. ಜೇನು ಇರಬೇಕಾದದ್ದು ಯೋಜನೆಯ ಹಸಿರು ಪೆಟ್ಟಿಗೆಯಲ್ಲಿ, ನಂಬರು ಹೊಡೆದ ಪೆಟ್ಟಿಗೆಯಲ್ಲಿ. ಹಳೆಯ ಪೆಟ್ಟಿಗೆಯಲ್ಲಿರುವ ಜೇನು ಲೆಕ್ಕಕ್ಕಿಲ್ಲ. ಮೇ ತಿಂಗಳ ಕೊನೆಗೆ ಜೀಪಿನಲ್ಲಿ ಪೆಟ್ಟಿಗೆಗಳು ಬಂದವು. ಆಗಸ್ಟಿನಲ್ಲಿ ಮಂಗಳೂರಿನಿಂದ ಪರಿಶೀಲನೆಗೆ ಬರುತ್ತಾರೆ, ಅಷ್ಟರಲ್ಲಿ ಏಳೂ ತುಂಬಿರಬೇಕು ಎಂದರು.

"ಮಾಸ್ಟ್ರೆ, ಮಳೆ ಹಿಡಿಯುವ ಹೊತ್ತಿಗೆ ಮನೆ ಬದಲಿಸುದಾ?" ಅಕ್ಕ ಕೇಳಿದರು. "ನಾವು ಮನುಷ್ಯರೇ ಹಾಗೆ ಮಾಡುದಿಲ್ಲ."

"ಎಂತ ಆಗುದಿಲ್ಲ ಅಕ್ಕ. ಪೇಂಟ್ ನೋಡಿ, ಚಂದ ಉಂಟು. ನಾನಿದ್ದೇನಲ್ಲ."

ಈ 'ನಾನಿದ್ದೇನಲ್ಲ' ಎಂಬ ಮಾತನ್ನು ನಾನು ಎಷ್ಟು ಜನರಿಗೆ, ಎಷ್ಟು ಸಲೀಸಾಗಿ ಹೇಳಿದ್ದೇನೋ. ಎರಡು ದಿನ, ಸಂಜೆಯ ಬೆಳಕು ಇರುವಾಗಲೇ, ತಿದಿಯಿಂದ ಹದವಾಗಿ ಹೊಗೆ ಕೊಟ್ಟು, ಗೂಡಿನ ಮೇಣದ ಎರಿಗಳನ್ನು ಒಂದೊಂದಾಗಿ ಬಿಡಿಸಿ, ಹೊಸ ಚೌಕಟ್ಟಿಗೆ ಬಾಳೆನಾರಿನಲ್ಲಿ ಕಟ್ಟಿ ಇಳಿಸಿದೆ. ರಾಣಿಯನ್ನು ಏಳು ಸಲವೂ ಕಣ್ಣಾರೆ ಕಂಡು, ಕೈಯಾರೆ ದಾಟಿಸಿದೆ. ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು ಇಟ್ಟೆ. ಕೆಲಸ ಮಾತ್ರ ಅಚ್ಚುಕಟ್ಟು. ಕಿಸೆಯಲ್ಲಿ ಅಳತೆಪಟ್ಟಿ ಇತ್ತು. ಅದನ್ನು ಹೊರಗೆ ತೆಗೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ಸರಕಾರಿ ಮುದ್ರೆ ಇರುವ ಪೆಟ್ಟಿಗೆಯನ್ನು ಅಳೆಯುವುದುಂಟೇ!

ಜೂನ್ ನಡುವಿಗೆ ಮೊದಲನೆಯ ಕುಟುಂಬ ಹೋಯಿತು. ಪಾಲಾಗಿ ಅರ್ಧ ಹೋದದ್ದಲ್ಲ, ಇಡೀ ಕುಟುಂಬವೇ ಪೆಟ್ಟಿಗೆ ಬಿಟ್ಟು ಎದ್ದದ್ದು. ತುಡುವೆ ಹೀಗೆ ಹೋಗುವ ಮೊದಲು ತಯಾರಿ ನಡೆಸುತ್ತದೆ. ಕಾಲಿನಲ್ಲಿ ಪರಾಗ ತರುವುದು ನಿಲ್ಲುತ್ತದೆ. ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆ. ಇದ್ದ ಮರಿಗಳು ಹುಳವಾಗಿ ಹೊರಬರುವವರೆಗೆ ಕಾಯುತ್ತವೆ. ಆಮೇಲೆ ಎರಿಯಲ್ಲಿ ಉಳಿದ ಜೇನನ್ನೆಲ್ಲ ಹೊಟ್ಟೆಗೆ ತುಂಬಿಕೊಂಡು, ಮಳೆ ಬಿಟ್ಟ ಹೊತ್ತು ನೋಡಿ ಏಳುತ್ತವೆ. ಮರಿಗಳನ್ನು ಅನಾಥ ಮಾಡಿ ಹೋಗುವುದಿಲ್ಲ, ಬುತ್ತಿಯಿಲ್ಲದೆ ಹೋಗುವುದಿಲ್ಲ. ಇದಕ್ಕೆ ಬುದ್ಧಿ ಎನ್ನಬೇಕೋ ಬೇಡವೋ ಓದಿದವರು ತೀರ್ಮಾನಿಸಲಿ.

ನಾನು ವಾಡಿಕೆಯಂತೆ ಯೋಜನೆಯ ಅಧಿಕಾರಿಗೆ ಫೋನ್ ಮಾಡಿ ತಿಳಿಸಿದೆ. ಕೆಟ್ಟ ಮನುಷ್ಯರಲ್ಲ, ನನಗಿಂತ ಚಿಕ್ಕವರು, ಮೇಲಿನವರ ಫೋನ್ ಬಂದರೆ ಕುರ್ಚಿಯಿಂದ ಏಳುವವರು.

"ಪರಾರಿಯಾ? ಹೀಗಾದ್ರೆ ಆಗಸ್ಟಿಗೆ ಎಂತ ತೋರಿಸುದು? ಉಳಿದ ಆರಕ್ಕೂ ಗೇಟು ಹಾಕಿ ಬಿಡಿ."

ರಾಣಿಗೇಟು ಎಂದರೆ ಪೆಟ್ಟಿಗೆಯ ಬಾಗಿಲಿಗೆ ಹಾಕುವ ಸೀಳುಗಳಿರುವ ತಗಡಿನ ಪಟ್ಟಿ. ಕೆಲಸಗಾರ ಹುಳ ಸೀಳಿನಲ್ಲಿ ನುಸುಳಿ ಹೋಗಿ ಬರುತ್ತದೆ. ರಾಣಿಯ ಮೈ ದೊಡ್ಡದು, ಅದಕ್ಕೆ ಆಗುವುದಿಲ್ಲ. ರಾಣಿಯಿಲ್ಲದೆ ಕುಟುಂಬ ಹೋಗುವುದಿಲ್ಲ. ಕಾಡಿನಿಂದ ತಂದ ಹೊಸ ಕುಟುಂಬಕ್ಕೆ ನಾವೆಲ್ಲ ಇದನ್ನು ಹಾಕುತ್ತೇವೆ. ಎಂಟು ದಿನ, ಹೆಚ್ಚೆಂದರೆ ಹತ್ತು. ಮೊಟ್ಟೆ ಕಂಡ ದಿನ ತೆಗೆಯುತ್ತೇವೆ. ಮೊಟ್ಟೆ ಇಟ್ಟಿತು ಎಂದರೆ 'ಇರುತ್ತೇನೆ' ಎಂದು ಹೇಳಿದ ಹಾಗೆ. ಅಷ್ಟು ದಿನವೂ ಇಡಲಿಲ್ಲ ಎಂದಾದರೆ ಗೇಟು ತೆಗೆದು ಕೈ ಮುಗಿಯುವುದು. ನನಗೆ ಕಲಿಸಿದವರು ಹಾಗೆ ಕಲಿಸಿದ್ದರು, ನಾನೂ ನೂರಾರು ಜನರಿಗೆ ಹಾಗೆಯೇ ಕಲಿಸಿದ್ದೆ. ಹೋಗಲು ಹೊರಟ ಹಳೆಯ ಕುಟುಂಬಕ್ಕೆ ತಿಂಗಳುಗಟ್ಟಲೆ ಗೇಟು ಹಾಕಬೇಕೆಂದು ಯಾರೂ ಹೇಳಿರಲಿಲ್ಲ.

ಆದರೂ ನಾನು ಹಾಕಿದೆ. ಅಲುಗದಿರಲಿ ಎಂದು ಎರಡೆರಡು ಮೊಳೆ ಹೊಡೆದೆ.

"ಬೇಡ ಮಾಸ್ಟ್ರೆ," ಅಕ್ಕ ಹತ್ತಿರ ಬಂದು ನಿಂತರು. "ಅವಕ್ಕೆ ಇಲ್ಲಿ ಎಂತದೋ ಸರಿ ಆಗ್ತಾ ಇಲ್ಲ. ಅದೆಂತ ಅಂತ ನೋಡುವ. ಬಾಗಿಲು ಹಾಕುದು ಎಂತಕ್ಕೆ?"

"ಅಕ್ಕ, ಇದು ನನ್ನ ಕೆಲಸ. ನಿಮ್ಮ ರಬ್ಬರಿಗೆ ಕತ್ತಿ ಹಾಕುದು ಹೇಗೆ ಅಂತ ನಾನು ಹೇಳ್ತೇನಾ?"

ನಾನು ಬೈಕ್ ಹತ್ತಿದೆ. ಆ ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ.

ನಾಲ್ಕನೆಯ ದಿನ ಅಕ್ಕನ ಫೋನ್. "ಮಳೆ ಬಿಟ್ಟ ಕೂಡ್ಲೆ ಮೂರನೇ ಪೆಟ್ಟಿಗೆಯವು ಎಲ್ಲ ಹೊರಗೆ ಬಂದವು. ಮೇಲೆ ಎದ್ದು ಸುತ್ತು ಹಾಕಿದವು. ರಾಣಿ ಬರ್ಲಿಲ್ಲ. ಮತ್ತೆ ಬಂದು ಬಾಗಿಲ ಹತ್ರ ಕೂತು ಕಾಯ್ತಾ ಉಂಟು."

"ಒಳಗೆ ಹೋಗ್ತವೆ, ಬಿಡಿ."

ಹೋದವು. ಮರುದಿನ ಮತ್ತೆ ಬಂದವು. ಅದರ ಮರುದಿನವೂ. ನಾನು ವಾರದ ಭೇಟಿಗೆ ಹೋದಾಗ ಸ್ವತಃ ನೋಡಿದೆ. ಆರರಲ್ಲಿ ನಾಲ್ಕು ಕುಟುಂಬಗಳು ದಿನಕ್ಕೊಮ್ಮೆ ಹೀಗೆ ಹೊರಟು ಹಿಂತಿರುಗುತ್ತಿದ್ದವು. ಹೊಟ್ಟೆಯಲ್ಲಿ ತುಂಬಿಕೊಂಡ ಬುತ್ತಿ ಈ ಹೋಗಿಬರುವುದರಲ್ಲೇ ಖರ್ಚಾಗುತ್ತಿತ್ತು. ಸಕ್ಕರೆ ಪಾಕ ಇಟ್ಟೆ, ಅರ್ಧಕ್ಕರ್ಧ ಹಾಗೆಯೇ ಉಳಿಯಿತು. ಎರಿಯಲ್ಲಿ ಒಂದು ಮೊಟ್ಟೆಯಿಲ್ಲ. ಮುಚ್ಚಳ ತೆಗೆದರೆ ಮೊದಲಿನ ತುಂಬು ಗುಂಯ್‌ಗುಡುವಿಕೆ ಇಲ್ಲ, ಬೇರೆಯೇ ಒಂದು ಸಣ್ಣ ಸದ್ದು. ನನಗೆ ಅದು ಅಳು ಎನ್ನಿಸಿತು ಎಂದು ಬರೆದರೆ ನಗುವವರು ನಗಲಿ. ಆಗಲೂ ನಾನು ಗೇಟು ತೆಗೆಯಲಿಲ್ಲ. ಆಗಸ್ಟು, ಆಗಸ್ಟು ಎಂದು ತಲೆಯಲ್ಲಿ ಕುಟ್ಟುತ್ತಿತ್ತು.

ಜುಲೈ ಮೂರನೆಯ ವಾರ ಅಕ್ಕ ಫೋನ್ ಮಾಡಿ ಒಂದೇ ಮಾತು ಹೇಳಿದರು. "ಬನ್ನಿ."

ಹೋದೆ. ಮೂರು ಪೆಟ್ಟಿಗೆಗಳ ಅಡಿಮಣೆಯ ಮೇಲೆ ಹುಳಗಳು ಬೆರಳು ದಪ್ಪಕ್ಕೆ ಸತ್ತು ಬಿದ್ದಿದ್ದವು. ಎರಿಯ ತುಂಬ ಅದನ್ನು ತಿನ್ನುವ ಮೇಣದ ಹುಳು ಬಲೆ ಕಟ್ಟಿತ್ತು. ಮೂರನೆಯ ಪೆಟ್ಟಿಗೆಯ ಗೇಟು ಕೀಳಲು ಹೋದವನು ಹಾಗೇ ನಿಂತೆ. ರಾಣಿಯ ತಲೆ ಸೀಳಿನಲ್ಲಿ ಹೊರಗಿತ್ತು, ಮೈ ಒಳಗಿತ್ತು. ಹಾಗೆಯೇ ಒಣಗಿತ್ತು. ಮೊಟ್ಟೆ ನಿಲ್ಲಿಸಿದ ರಾಣಿ ಬಡವಾಗುತ್ತದೆ. ಬಡವಾದ ಮೈಯನ್ನು ಆ ಸೀಳಿನಲ್ಲಿ ತೂರಿಸಲು ನೋಡಿತ್ತು. ಯಾ ಅಲ್ಲಾಹ್, ಇಷ್ಟು ವರ್ಷದಲ್ಲಿ ನೂರಾರು ರಾಣಿಗಳನ್ನು ಹಿಡಿದಿದ್ದೇನೆ, ಹಾಗೊಂದನ್ನು ನೋಡಿರಲಿಲ್ಲ.

ಸತ್ತ ಹುಳಗಳನ್ನು ಅಕ್ಕ ಮೊರಕ್ಕೆ ಗುಡಿಸಿ ತೆಗೆದು, ಹೊಂಡ ಮಾಡಿ ಮುಚ್ಚಿದರು.

ಆಮೇಲೆ ನಾನು ಮೊದಲ ದಿನವೇ ಮಾಡಬೇಕಾದದ್ದನ್ನು ಮಾಡಿದೆ. ಅಳತೆಪಟ್ಟಿ ತೆಗೆದೆ. ಒಂದು ಎರಿಯ ನಡುವಿನಿಂದ ಪಕ್ಕದ ಎರಿಯ ನಡುವಿಗೆ ತುಡುವೆ ಬಿಡುವ ಜಾಗ ಒಂದೇ, ಅದನ್ನು ಯಾರೂ ಅದಕ್ಕೆ ಕಲಿಸಿಲ್ಲ, ಯಾರೂ ಬದಲಿಸುವಂತೆಯೂ ಇಲ್ಲ. ಹಸಿರು ಪೆಟ್ಟಿಗೆಯಲ್ಲಿ ಆ ಅಂತರ ನಾಲ್ಕೈದು ಮಿಲಿಮೀಟರ್ ಹೆಚ್ಚು. ಅದು ಪರದೇಶದ ದೊಡ್ಡ ಜೇನಿನ ಅಳತೆ. ಯಾರೋ ಯಾವುದೋ ನಕ್ಷೆ ನೋಡಿ, ಹೊರಗಿನ ಮೈಯನ್ನು ಮಾತ್ರ ಚಿಕ್ಕದು ಮಾಡಿ, ಒಳಗಿನದನ್ನು ಹಾಗೆಯೇ ಬಿಟ್ಟಿದ್ದರು. ನಾಲ್ಕೈದು ಮಿಲಿಮೀಟರ್ ಎಂದರೆ ನಮಗೆ ಲೆಕ್ಕವಲ್ಲ. ಆ ಸಂದಿಯಲ್ಲಿ ಮಳೆಗಾಲದ ಥಂಡಿ ಕೂರುತ್ತದೆ, ಮರಿಗಳಿಗೆ ಕಾವು ಸಾಲುವುದಿಲ್ಲ, ಮೇಣದ ಹುಳು ಮನೆ ಮಾಡುತ್ತದೆ. ಹುಳಗಳು ಎರಡೇ ವಾರದಲ್ಲಿ ಪೆಟ್ಟಿಗೆಯನ್ನು ಪರಿಶೀಲಿಸಿ 'ಇದು ಆಗುವುದಿಲ್ಲ' ಎಂದು ತೀರ್ಮಾನಿಸಿದ್ದವು. ನಾನು, ಮಾಸ್ಟ್ರು, ಎರಡು ತಿಂಗಳು ತೆಗೆದುಕೊಂಡೆ. ಅದೂ ಅವುಗಳ ಬಾಯಿಗೆ ಮೊಳೆ ಹೊಡೆದ ಮೇಲೆ!

ಮರುದಿನ ಪುತ್ತೂರಿನ ಕಚೇರಿಗೆ ಒಂದು ಚೌಕಟ್ಟು ಹಿಡಿದುಕೊಂಡೇ ಹೋದೆ. ಅಧಿಕಾರಿ ಅಳತೆಯನ್ನು ನೋಡಿದರು. ಮುಖ ಸ್ವಲ್ಪ ಬಾಡಿತು. ಆದರೆ ಒಪ್ಪಿಕೊಂಡರೆ ಇಡೀ ತಾಲೂಕಿನ ಪೆಟ್ಟಿಗೆಗಳ ಕಥೆ ಹೊರಗೆ ಬರುತ್ತದಲ್ಲ.

"ಉಳಿದ ಮೂರರದ್ದು ರಾಣಿಯ ರೆಕ್ಕೆ ಕತ್ತರಿಸಿ," ಎಂದರು. "ಪುಸ್ತಕದಲ್ಲಿ ಉಂಟು. ಹಾರ್ಲಿಕ್ಕೆ ಆಗದಿದ್ರೆ ಇರ್ತದೆ."

"ಸರ್, ಅದು ಇರುದಲ್ಲ. ಅದು ಸಾಯುದು."

"ನೋಡಿ ಮಾರಾಯ್ರೆ, ದನವನ್ನು ಹಗ್ಗ ಹಾಕಿ ಕಟ್ಟುದಿಲ್ವಾ? ಕೋಳಿಯನ್ನು ಗೂಡಲ್ಲಿ ಹಾಕುದಿಲ್ವಾ? ಮನುಷ್ಯ ಸಾಕಿದ್ದೆಲ್ಲ ಮೊದಲು ಹೀಗೇ. ಕಟ್ಟಿದ, ಮತ್ತೆ ಅಭ್ಯಾಸ ಆಯ್ತು. ಈ ತುಡುವೆ ಸಾಕ್ಲಿಕ್ಕೆ ಲಾಯಕ್ಕಿಲ್ಲದ ಜಾತಿ. ಸಾಕಲಿಕ್ಕೆ ಬರುವ ಜಾತಿ ತರಿಸ್ಬೇಕು ಅಂತ ನಾನು ಮೇಲೆ ಬರೀತೇನೆ."

ಮೈ ಉರಿದು ಹೋಯಿತು. ಲಾಯಕ್ಕಿಲ್ಲದ ಜಾತಿ! ಈ ನೆಲದ ಹೂಗಳನ್ನು ಕಾಯಿ ಮಾಡಿಕೊಂಡು ಬಂದ ಹುಳಕ್ಕೆ, ತಪ್ಪು ಪೆಟ್ಟಿಗೆ ಮಾಡಿಸಿದವರು ಕೊಡುವ ಸರ್ಟಿಫಿಕೇಟು!

"ದನವನ್ನು ಕಟ್ಟಿದ್ರೆ ಅದು ಹುಲ್ಲು ತಿಂತದೆ ಸರ್, ಕರು ಹಾಕ್ತದೆ," ಎಂದೆ. "ಬಿಚ್ಚಿ ಬಿಟ್ರೂ ಸಂಜೆ ಹಟ್ಟಿಗೆ ಬರ್ತದೆ. ಇದನ್ನು ಕಟ್ಟಿದ್ರೆ ಮೊಟ್ಟೆ ಇಡುದನ್ನೇ ನಿಲ್ಲಿಸ್ತದೆ. ಅದೇ ವ್ಯತ್ಯಾಸ. ಕಾಡುಕೋಳಿ ಮೊಟ್ಟೆಯನ್ನು ಮನೆಯ ಹೇಂಟೆಯ ಅಡಿಗೆ ಇಟ್ಟು ಮರಿ ಮಾಡಿಸಿದವರನ್ನು ಕೇಳಿ. ಹೇಂಟೆ ಕರೀತಾ ಇರ್ತದೆ, ಮರಿ ರೆಕ್ಕೆ ಬಂದ ದಿನ ಕಾಡಿನ ಬಲ್ಲೆಗೆ ನುಗ್ಗಿ ಹೋಗ್ತದೆ."

"ಹಾಗಾದ್ರೆ ಹುಳಕ್ಕೆ ಮನಸ್ಸುಂಟಾ? ಎಂತ ಮಾತಾಡ್ತೀರಿ?"

"ಮನಸ್ಸು ಉಂಟೋ ಇಲ್ವೋ ನಂಗೊತ್ತಿಲ್ಲ ಸರ್. ಬೇಡ ಅಂತ ಹೇಳ್ಲಿಕ್ಕೆ ಅದಕ್ಕೆ ಗೊತ್ತುಂಟು."

ಹಿಂದಿರುಗುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಗುತ್ತಿಗಾರಿನ ಗುಡ್ಡಗಳಿಗೆ ಇಳಿಯುವ ಆನೆಯನ್ನು ಹಿಡಿದು ಪಳಗಿಸುತ್ತಾರೆ. ಸಲಾಮು ಹಾಕಿಸುತ್ತಾರೆ. ಆದರೆ ಮುಂದಿನ ಆನೆಯನ್ನು ಮತ್ತೆ ಮೊದಲಿನಿಂದ ಪಳಗಿಸಬೇಕು. ಪಳಗಿಸುವುದು ನಮ್ಮ ಕೈಯಲ್ಲಿದೆ. ಸಾಕುಪ್ರಾಣಿಯಾಗುವುದು ಅವುಗಳ ಕಡೆಯಿಂದಲೂ ಒಪ್ಪಿಗೆ ಬೇಕಾದ ವಿಷಯ. ನಾಯಿ ಒಪ್ಪಿತು, ದನ ಒಪ್ಪಿತು. ತುಡುವೆ ಮಾತ್ರ ವರ್ಷ ವರ್ಷವೂ, ಪೆಟ್ಟಿಗೆ ಪೆಟ್ಟಿಗೆಯಲ್ಲೂ ಹೊಸದಾಗಿ ಯೋಚಿಸಿ ಒಪ್ಪುತ್ತದೆ, ಇಲ್ಲವೇ ಒಪ್ಪುವುದಿಲ್ಲ. ಇಷ್ಟು ವರ್ಷ ನಾನು 'ಸಾಕಿದೆ' ಎಂದು ಹೇಳಿಕೊಂಡದ್ದೆಲ್ಲ, ನಿಜಕ್ಕೂ ಅವು ತಾವಾಗಿ ಉಳಿದದ್ದು.

ಸೀದಾ ಅಕ್ಕನ ಮನೆಗೆ ಹೋಗಿ ಉಳಿದ ಮೂರು ಗೇಟುಗಳ ಮೊಳೆ ಕಿತ್ತೆ. ಅಟ್ಟದಲ್ಲಿದ್ದ ಹಲಸಿನ ಪೆಟ್ಟಿಗೆಗಳನ್ನು ಇಳಿಸಿ, ಒರೆಸಿ, ಹಳೆಯ ಎರಿಯ ಮೇಣವನ್ನು ಒಳಗೆ ಸವರಿ ಮೂರೂ ಕುಟುಂಬಗಳನ್ನು ಹಿಂದಕ್ಕೆ ದಾಟಿಸಿದೆವು. ಈ ಸಲ ಎರಿ ಕಟ್ಟಿದ್ದು ಅಕ್ಕ. ನಾನು ಹೊಗೆ ಮಾತ್ರ ಹಿಡಿದೆ. ಒಂದು ವಾರಕ್ಕೆ ಎರಡು ಪೆಟ್ಟಿಗೆಗಳಲ್ಲಿ ಮೊಟ್ಟೆ ಕಂಡವು, ಅಕ್ಕಿಯ ನುಚ್ಚಿನ ಹಾಗೆ, ಎರಿಯ ಕಣ್ಣಿಗೊಂದು. ಅಕ್ಕ ಚೌಕಟ್ಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಉಳಿದ ಒಂದರಲ್ಲಿ ಮೊಟ್ಟೆ ಕಾಣಲಿಲ್ಲ.

ಪರಿಶೀಲನೆಯ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಹತ್ತು ಗಂಟೆಗೆ ಮೊಟ್ಟೆ ಇಡದ ಆ ಕುಟುಂಬ ಎದ್ದಿತು. ಸರಿಯಾದ ಪೆಟ್ಟಿಗೆ, ಇಟ್ಟ ಪಾಕ, ತೆರೆದ ಬಾಗಿಲು ಎಲ್ಲ ಇದ್ದೂ ಎದ್ದಿತು. ಅಂಗಳದ ಪುನರ್ಪುಳಿ ಮರದ ತಗ್ಗಿನ ಕೊಂಬೆಯಲ್ಲಿ, ನನ್ನ ಎದೆಯ ಎತ್ತರಕ್ಕೆ ಗೊಂಚಲಾಗಿ ಕೂತಿತು. ಅದೇ ಹೊತ್ತಿಗೆ ಎರಡು ಕಾರು ಬಂದು ನಿಂತವು. ಮಂಗಳೂರಿನ ಹಿರಿಯ ಅಧಿಕಾರಿ, ಅವರ ಹಿಂದೆ ನಮ್ಮ ಅಧಿಕಾರಿ. ಸಾಲಾಗಿ ನಿಂತ ಏಳು ಹಸಿರು ಪೆಟ್ಟಿಗೆಗಳ ಮುಚ್ಚಳ ತೆಗೆದು ನೋಡಿದರು. ಏಳೂ ಖಾಲಿ. ಹಲಸಿನ ಪೆಟ್ಟಿಗೆಗಳ ಕಡೆ ಕೈ ತೋರಿಸಿದರೆ 'ಅದು ನಮ್ಮದಲ್ಲ' ಎಂದರು.

ನಮ್ಮ ಅಧಿಕಾರಿಗೆ ಗೊಂಚಲು ಕಂಡಿತು. ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಮಾರಾಯ್ರೆ, ಅದನ್ನು ಹಿಡಿದು ಒಂದು ಪೆಟ್ಟಿಗೆಗೆ ಹಾಕಿ. ಐದು ನಿಮಿಷದ ಕೆಲಸ ನಿಮಗೆ. ಫೋಟೋ ಆದ ಮೇಲೆ ಎಂತ ಬೇಕಾದ್ರೂ ಮಾಡಿ. ನಿಮ್ಮ ಅಕ್ಕನ ತೋಟ ಲಿಸ್ಟಲ್ಲಿ ಉಳೀತದೆ."

ಐದು ನಿಮಿಷವೂ ಬೇಡ. ಎರಡು ಸಾಕು. ನನ್ನ ಕೈ ಅಭ್ಯಾಸಬಲದಿಂದ ಒಮ್ಮೆ ಮುಂದೆ ಹೋದದ್ದೂ ಹೌದು. ಹತ್ತಿರದಿಂದ ನೋಡಿದೆ. ಗೊಂಚಲಿನ ಮೇಲೆ ಕೆಲವು ಹುಳಗಳು ಕುಣಿಯುತ್ತಿದ್ದವು. ಜಾಗ ಹುಡುಕಿ ಬಂದವು ಅವು. ಕೆಲವು ಒಂದು ದಿಕ್ಕು ಹೇಳುತ್ತಿದ್ದವು, ಕೆಲವು ಇನ್ನೊಂದು. ನೋಡುತ್ತಿದ್ದಂತೆ ಒಂದು ಕಡೆಯವು ಕಡಿಮೆಯಾಗುತ್ತ ಬಂದು, ಎಲ್ಲವೂ ಕಾಡಿನ ದಿಕ್ಕನ್ನೇ ಕುಣಿಯತೊಡಗಿದವು. ಪಂಚಾಯಿತಿಯಲ್ಲಿ ಇಷ್ಟು ಬೇಗ ಒಮ್ಮತ ಆದದ್ದನ್ನು ನಾನು ಕಂಡಿಲ್ಲ.

"ನನ್ನಿಂದ ಆಗುದಿಲ್ಲ ಸರ್," ಎಂದೆ.

"ಆಗುದಿಲ್ವಾ, ಮಾಡುದಿಲ್ವಾ?"

"ಮಾಡುದಿಲ್ಲ."

ಅವು ಎದ್ದವು. ರಬ್ಬರ್ ಮರಗಳ ಮೇಲಿನಿಂದ ಕಾಡಿನ ಕಡೆ ಹೋದವು. ಹಿರಿಯ ಅಧಿಕಾರಿ ತಲೆಯೆತ್ತಿ ನೋಡಿ, ಕೈಗಡಿಯಾರವನ್ನೂ ನೋಡಿದರು. ನಮ್ಮವರು ಕಾರಿನ ಬಾನೆಟ್ಟಿನ ಮೇಲೆ ಒಂದು ಫಾರಂ ಹರಡಿದರು. ಕುಟುಂಬ ನಷ್ಟಕ್ಕೆ ಕಾರಣ ಎಂಬಲ್ಲಿ ಎರಡೇ ಎರಡು ಅಚ್ಚಾಗಿದ್ದವು: ಫಲಾನುಭವಿಯ ನಿರ್ಲಕ್ಷ್ಯ, ಜಾತಿಯ ಅಯೋಗ್ಯತೆ. ಒಂದಕ್ಕೆ ಗುರುತು ಹಾಕಿ ತರಬೇತುದಾರ ಸಹಿ ಮಾಡಬೇಕು. ಪೆಟ್ಟಿಗೆಯ ತಪ್ಪು ಎಂಬ ಮೂರನೆಯ ಸಾಲನ್ನು ಅಚ್ಚು ಹಾಕಿಸುವ ಧೈರ್ಯ ಯಾರಿಗಿದ್ದೀತು?

ಅಕ್ಕ ಬಂದು ಓದಿಸಿಕೊಂಡರು. "ನನ್ನ ನಿರ್ಲಕ್ಷ್ಯ ಅಂತ ಹಾಕಿ ಮಾಸ್ಟ್ರೆ. ತೊಂದ್ರೆ ಇಲ್ಲ. ಜಾತಿ ಆಗುದಿಲ್ಲ ಅಂತ ಮಾತ್ರ ಬರೀಬೇಡಿ. ಹಾಗೆ ಬರ್ದ್ರೆ ಇವರು ಬೇರೆ ಜಾತಿ ತಂದು ಊರಿಡೀ ಇಡ್ತಾರೆ. ಮತ್ತೆ ನಮ್ಮವಕ್ಕೆ ಹೂವು ಎಲ್ಲುಂಟು?"

ಈ ಹೆಂಗಸು ತನ್ನ ಹೆಸರಿಗೆ ಮಸಿ ಬಳಿಸಿಕೊಳ್ಳಲು ತಯಾರು, ಹುಳದ ಹೆಸರಿಗೆ ಬೇಡ. ಎರಡೂ ಸಾಲುಗಳನ್ನು ಹೊಡೆದುಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: 'ಪೆಟ್ಟಿಗೆಯ ಒಳ ಅಳತೆ ತಪ್ಪಿದೆ. ಹುಳಗಳು ಅದನ್ನು ತಿಳಿದು ಹೊರಟವು. ಹೋಗದಂತೆ ರಾಣಿಗೇಟು ಹಾಕಿ ಮೊಳೆ ಹೊಡೆದವನು ತರಬೇತುದಾರ. ಆ ಕಾರಣದಿಂದ ಮೂರು ಕುಟುಂಬಗಳು ಸತ್ತವು.' ಸಹಿ ಹಾಕಿ ಕೊಟ್ಟೆ.

"ನಿಮ್ಮ ಕೆಲಸ ಹೋಗ್ತದೆ, ಗೊತ್ತುಂಟಲ್ಲ?" ಅಧಿಕಾರಿ ಮೆಲ್ಲಗೆ ಹೇಳಿದರು. ಹೇಳಿದಂತೆಯೇ ಆ ತಿಂಗಳ ಕೊನೆಗೆ ಹೋಯಿತು. ಹಸಿರು ಪೆಟ್ಟಿಗೆಗಳನ್ನು ಅವತ್ತೇ ಜೀಪು ತರಿಸಿ ಹೊತ್ತುಕೊಂಡು ಹೋದರು.

ಕಾರುಗಳು ಹೋದ ಮೇಲೆ ಅಂಗಳದಲ್ಲಿ ನಾವಿಬ್ಬರೇ ಉಳಿದೆವು. ಸುಳ್ಳು ಯಾಕೆ, ನನಗೆ ಒಳಗೊಳಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು. ಅಕ್ಕ ಏನಾದರೂ ಒಳ್ಳೆಯ ಮಾತು ಹೇಳುತ್ತಾರೆ ಎಂದು ಕಾಯುತ್ತಿದ್ದೆ.

"ನೀವು ಬರ್ದದ್ದು ಸರಿ ಉಂಟು," ಎಂದರು ಅವರು. "ಆದ್ರೆ ಮಾಸ್ಟ್ರೆ, ಅವರು ಫೋನಲ್ಲಿ ಹೇಳಿದ್ದು ಮಾತ್ರ. ಮೊಳೆ ಹೊಡ್ದದ್ದು ನೀವು. ನಾನು ಬೇಡ ಅಂತ ಹೇಳಿದ್ದೆ."

"ಹೌದು ಅಕ್ಕ."

"ಉಳಿದ ಎರಡಕ್ಕೆ ಇನ್ನು ನೀವು ಕೈ ಹಾಕುದು ಬೇಡ."

ನಾನು ತಿದಿಯ ಬೂದಿ ಕೊಡವಿ ಚೀಲಕ್ಕೆ ತುಂಬಿದೆ. ಬೈಕಿನ ಹತ್ತಿರ ಹೋದವನು ತಡೆಯಲಾರದೆ ತಿರುಗಿ ಕೇಳಿದೆ. "ನೋಡ್ಲಿಕ್ಕಾದ್ರೂ ಬರಬಹುದಾ ಅಕ್ಕ?"

ಅವರು ಹಲಸಿನ ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದರು.

"ಬನ್ನಿ. ದೂರ ನಿಂತು ನೋಡಿ."